ಆಸ್ಪತ್ರೆಯ ಗೋಡೆಯಿಂದ ಊರಿನ ಆರೈಕೆಗೆ: ಮಾನಸಿಕ ಅನಾರೋಗ್ಯ ಹೊಂದಿರುವ ವ್ಯಕ್ತಿಗಳ ಚಿಕಿತ್ಸೆ ಕುರಿತ ಸಂಶೋಧನೆಗಳು ಹಾಗೂ ನಾಗರಿಕರ ಹಕ್ಕುಗಳು

1. ಪೀಠಿಕೆ

ಶಿವಮೊಗ್ಗ ಮತ್ತು ಭದ್ರಾವತಿ ನಗರಗಳ ನಡುವೆ ಬಿ.ಎಚ್. ರಸ್ತೆಯ ಮೇಲಿರುವ ಮಾಚೇನಹಳ್ಳಿಯು ಕೈಗಾರಿಕಾ ಪ್ರದೇಶಕ್ಕೂ ಹಾಲು ಒಕ್ಕೂಟದ ಡೇರಿಗೂ ಹೆಸರಾದ ಊರು. ಇಲ್ಲಿ ಹಾಗೂ ಸುತ್ತಮುತ್ತ ನೆಲೆಸಿರುವ ಕುಟುಂಬಗಳ ಪೈಕಿ ಅನೇಕವು ಪಾಳಿಯ ದುಡಿಮೆಯನ್ನೇ ಅವಲಂಬಿಸಿವೆ. ಇಂತಹ ಒಂದು ಕುಟುಂಬದಲ್ಲಿ ಪ್ರಾಯದ ಮಗನೋ ಮಗಳೋ ತೀವ್ರ ಸ್ವರೂಪದ ಮಾನಸಿಕ ಅನಾರೋಗ್ಯಕ್ಕೆ ಒಳಗಾದಲ್ಲಿ ಕುಟುಂಬದವರ ಮುಂದೆ ಮೂರು ದಾರಿಗಳು ಕಾಣುತ್ತವೆ. ಮೊದಲನೆಯದು, ಮುನ್ನೂರು ಕಿಲೋಮೀಟರಿಗೆ ಸಮೀಪದ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದು ದಾಖಲಿಸುವುದು. ಎರಡನೆಯದು, ಯಾರೋ ಹೇಳಿದ ಆಶ್ರಮದಲ್ಲಿಯೋ ಕ್ಷೇತ್ರದಲ್ಲಿಯೋ ಬಿಟ್ಟು ಬರುವುದು. ಮೂರನೆಯದು, ಮನೆಯಲ್ಲಿಯೇ ಇರಿಸಿಕೊಂಡು ಸಮೀಪದ ಸರ್ಕಾರಿ ಆಸ್ಪತ್ರೆಯಿಂದ ಚಿಕಿತ್ಸೆ ಕೊಡಿಸುವುದು.

ಈ ಮೂರರಲ್ಲಿ ಯಾವುದು ರೋಗಿಗೆ ಹಿತ, ಯಾವುದು ಕುಟುಂಬಕ್ಕೆ ಸಾಧ್ಯ, ಯಾವುದಕ್ಕೆ ಕಾನೂನಿನ ಬೆಂಬಲವಿದೆ ಎಂಬ ಪ್ರಶ್ನೆಗಳಿಗೆ ಕಳೆದ ಅರ್ಧ ಶತಮಾನದಲ್ಲಿ ಕರ್ನಾಟಕದಲ್ಲಿಯೇ ನಡೆದಿರುವ ಸಂಶೋಧನೆಗಳು ಗಣನೀಯ ಮಟ್ಟಿಗೆ ಉತ್ತರ ನೀಡಿವೆ. ಅವುಗಳ ಪೈಕಿ ಒಂದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೇ ನಡೆದಿದೆ. ಸದರಿ ಸಂಶೋಧನೆಗಳ ಸಾರಾಂಶ, ಅವುಗಳ ಇತಿಮಿತಿ ಮತ್ತು ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ನಾಗರಿಕರು ತಿಳಿದಿರಬೇಕಾದ ಅಂಶಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಹಿನ್ನೆಲೆ

ಬೆಂಗಳೂರಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಹುಚ್ಚಾಸ್ಪತ್ರೆ ಎಂಬ ಹೆಸರಿನಲ್ಲಿ ಆರಂಭವಾದ ಸಂಸ್ಥೆಯನ್ನು ಮೈಸೂರು ಸರ್ಕಾರವು 1925ರಲ್ಲಿ ಮಾನಸಿಕ ಆಸ್ಪತ್ರೆ ಎಂದು ಮರುನಾಮಕರಣ ಮಾಡಿತು. ಹೆಸರಿನ ಈ ಬದಲಾವಣೆಯಲ್ಲಿ ಒಂದು ತತ್ವ ಅಡಗಿತ್ತು. ಹುಚ್ಚಾಸ್ಪತ್ರೆಯು ಜನರನ್ನು ಸಮಾಜದಿಂದ ಬೇರ್ಪಡಿಸಿ ಇರಿಸುವ ಸ್ಥಳ. ಆಸ್ಪತ್ರೆಯು ಗುಣಪಡಿಸಿ ಮನೆಗೆ ಕಳುಹಿಸುವ ಸ್ಥಳ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. 1974ರಲ್ಲಿ ಈ ಎರಡೂ ಸಂಸ್ಥೆಗಳನ್ನು ವಿಲೀನಗೊಳಿಸಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯನ್ನು, ಅಂದರೆ ನಿಮ್ಹಾನ್ಸ್ ಅನ್ನು, ರಚಿಸಲಾಯಿತು. 2012ರ ಅಧಿನಿಯಮದ ಮೂಲಕ ಇದಕ್ಕೆ ರಾಷ್ಟ್ರೀಯ ಮಹತ್ವದ ಸಂಸ್ಥೆಯ ಸ್ಥಾನ ದೊರೆಯಿತು.

ಆದರೆ ಹೆಸರು ಬದಲಾದ ಮಾತ್ರಕ್ಕೆ ದೇಶದ ಎಲ್ಲ ಸಂಸ್ಥೆಗಳ ಒಳಗಿನ ಬದುಕು ಬದಲಾಗಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನಿಮ್ಹಾನ್ಸ್‌ನ ಸಹಯೋಗದಲ್ಲಿ ದೇಶದ 37 ಮಾನಸಿಕ ಆಸ್ಪತ್ರೆಗಳನ್ನು ಪರಿಶೀಲಿಸಿ 1999ರಲ್ಲಿ ವರದಿ ಪ್ರಕಟಿಸಿತು. ಹಲವು ಆಸ್ಪತ್ರೆಗಳು ಕಾರಾಗೃಹದ ಮಾದರಿಯ ಕಟ್ಟಡಗಳಲ್ಲಿಯೇ ಮುಂದುವರೆದಿರುವುದು, ಚಿಕಿತ್ಸೆಗಿಂತ ಕಾವಲಿಗೆ ಹೆಚ್ಚು ಒತ್ತು ಇರುವುದು, ಗುಣಮುಖರಾದವರೂ ಕರೆದೊಯ್ಯುವವರಿಲ್ಲದೆ ವರ್ಷಗಟ್ಟಲೆ ಉಳಿದಿರುವುದು ಈ ಪರಿಶೀಲನೆಯಿಂದ ಬೆಳಕಿಗೆ ಬಂದಿತು.

ವರದಿ ಪ್ರಕಟವಾದ ಎರಡು ವರ್ಷಗಳ ನಂತರ, 2001ರ ಆಗಸ್ಟ್ 6ರಂದು, ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ಖಾಸಗಿಯಾಗಿ ನಡೆಯುತ್ತಿದ್ದ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಲಾಗಿದ್ದ 28 ಮಂದಿ ಮೃತಪಟ್ಟರು. ಅವರನ್ನು ಅಲ್ಲಿ ಬಿಟ್ಟುಹೋದವರು ಬಹುಪಾಲು ಅವರ ಮನೆಯವರೇ. ಅದು ಕ್ರೌರ್ಯದಿಂದ ಮಾಡಿದ ಕೆಲಸವೆಂದು ಹೇಳಲಾಗದು. ಚಿಕಿತ್ಸೆ ಎಲ್ಲಿ ಸಿಗುತ್ತದೆ ಎಂದು ತಿಳಿಯದ, ಕೈಯಲ್ಲಿ ಹಣವಿಲ್ಲದ, ಕಾಯುವ ಶಕ್ತಿ ಕುಂದಿದ ಕುಟುಂಬಗಳು ನಂಬಿಕೆಯಿಂದ ಹಿಡಿದ ದಾರಿ ಅದಾಗಿತ್ತು. ಮಾಚೇನಹಳ್ಳಿಯ ಕುಟುಂಬದ ಎರಡನೆಯ ದಾರಿಯ ಕುರಿತು ಆಲೋಚಿಸುವಾಗ ಈ ಘಟನೆಯನ್ನು ಮರೆಯುವಂತಿಲ್ಲ.

3. ಸಂಶೋಧನೆಗಳು ತಿಳಿಸುವುದೇನು

3.1 ದೀರ್ಘಕಾಲದ ಸಂಸ್ಥಾವಾಸದ ಪರಿಣಾಮ

1960ರ ದಶಕದಲ್ಲಿ ಇಂಗ್ಲೆಂಡಿನ ಸಂಶೋಧಕರಾದ ಜಾನ್ ವಿಂಗ್ ಮತ್ತು ಜಾರ್ಜ್ ಬ್ರೌನ್ ಅವರು ಮೂರು ಮಾನಸಿಕ ಆಸ್ಪತ್ರೆಗಳಲ್ಲಿ ದೀರ್ಘಕಾಲ ವಾಸವಾಗಿದ್ದ ಸ್ಕಿಜೋಫ್ರೇನಿಯಾ ರೋಗಿಗಳನ್ನು ಹಲವು ವರ್ಷ ಅಧ್ಯಯನ ಮಾಡಿದರು. ದಿನವಿಡೀ ಮಾಡಲು ಕೆಲಸವಿಲ್ಲದ, ಸ್ವಂತ ವಸ್ತುಗಳಿಲ್ಲದ, ಹೊರಗಿನವರ ಸಂಪರ್ಕವಿಲ್ಲದ ವಾರ್ಡುಗಳಲ್ಲಿ ರೋಗಿಗಳ ಮಂಕುತನ, ಮೌನ ಮತ್ತು ನಿರಾಸಕ್ತಿ ಅಧಿಕವಾಗಿರುವುದು ಕಂಡುಬಂದಿತು. ಚಟುವಟಿಕೆಗಳನ್ನು ಹೆಚ್ಚಿಸಿದ ಕಡೆ ಈ ಲಕ್ಷಣಗಳು ಸ್ವಲ್ಪಮಟ್ಟಿಗೆ ಇಳಿದವು. ಅಂದರೆ, ರೋಗದ ಲಕ್ಷಣವೆಂದು ಭಾವಿಸಲಾಗಿದ್ದರಲ್ಲಿ ಒಂದು ಪಾಲು ರೋಗದಿಂದಲ್ಲದೆ, ವಾಸದ ಸ್ಥಿತಿಯಿಂದ ಉಂಟಾದದ್ದೆಂಬುದು ಸ್ಪಷ್ಟವಾಯಿತು.

ಮಕ್ಕಳ ವಿಷಯದಲ್ಲಿ ಈ ಪರಿಣಾಮ ಇನ್ನೂ ಗಾಢವಾದುದು. 2000ನೇ ಇಸವಿಯಲ್ಲಿ ರೊಮೇನಿಯಾದ ಬುಖಾರೆಸ್ಟ್ ನಗರದಲ್ಲಿ ಆರಂಭಿಸಲಾದ ಅಧ್ಯಯನದಲ್ಲಿ ಅನಾಥಾಲಯಗಳಲ್ಲಿದ್ದ 136 ಎಳೆಯ ಮಕ್ಕಳ ಪೈಕಿ ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತುವ ಕ್ರಮದಲ್ಲಿ ಆಯ್ಕೆ ಮಾಡಿ ಪೋಷಕ ಕುಟುಂಬಗಳಿಗೆ ಒಪ್ಪಿಸಲಾಯಿತು. ಕುಟುಂಬದಲ್ಲಿ ಬೆಳೆದ ಮಕ್ಕಳ ಬುದ್ಧಿಮಟ್ಟ ಮತ್ತು ಬಾಂಧವ್ಯ ಬೆಳೆಸಿಕೊಳ್ಳುವ ಸಾಮರ್ಥ್ಯ ಸಂಸ್ಥೆಯಲ್ಲಿಯೇ ಉಳಿದವರಿಗಿಂತ ಉತ್ತಮವಾಗಿತ್ತು. ಎಷ್ಟು ಬೇಗ ಕುಟುಂಬ ಸೇರಿದರೋ ಅಷ್ಟು ಹೆಚ್ಚಿನ ಪ್ರಯೋಜನ ಆಯಿತು.

3.2 ಬೆಂಗಳೂರಿನ ಗೃಹ ಚಿಕಿತ್ಸಾ ಅಧ್ಯಯನ

ಮೇಲ್ಕಂಡ ವಿದೇಶಿ ಅಧ್ಯಯನಗಳಿಗಿಂತ ಕರ್ನಾಟಕದ ಓದುಗರಿಗೆ ಹತ್ತಿರವಾದುದು ನಿಮ್ಹಾನ್ಸ್‌ನಲ್ಲಿ ಶೈಲಾ ಪೈ ಮತ್ತು ಆರ್.ಎಲ್. ಕಪೂರ್ ಅವರು ನಡೆಸಿ 1980ರ ದಶಕದ ಆರಂಭದಲ್ಲಿ ಪ್ರಕಟಿಸಿದ ಅಧ್ಯಯನ. ಆಸ್ಪತ್ರೆಗೆ ದಾಖಲಿಸಬೇಕಾದ ಸ್ಥಿತಿಯಲ್ಲಿದ್ದ ಸ್ಕಿಜೋಫ್ರೇನಿಯಾ ರೋಗಿಗಳ ಎರಡು ಗುಂಪುಗಳನ್ನು ರಚಿಸಲಾಯಿತು. ಪ್ರತಿ ಗುಂಪಿನಲ್ಲಿ 27 ರೋಗಿಗಳಿದ್ದರು. ಒಂದು ಗುಂಪಿನವರನ್ನು ರೂಢಿಯಂತೆ ಆಸ್ಪತ್ರೆಗೆ ದಾಖಲಿಸಲಾಯಿತು. ಇನ್ನೊಂದು ಗುಂಪಿನವರನ್ನು ಮನೆಯಲ್ಲಿಯೇ ಇರಿಸಿ, ತರಬೇತಿ ಪಡೆದ ನರ್ಸ್ ಒಬ್ಬರು ನಿಯತವಾಗಿ ಮನೆಗೆ ಭೇಟಿ ನೀಡಿ ರೋಗಿಯ ಸ್ಥಿತಿ ಗಮನಿಸುವ, ಔಷಧದ ಬಗ್ಗೆ ನಿಗಾ ವಹಿಸುವ ಮತ್ತು ಮನೆಯವರಿಗೆ ಸಲಹೆ ನೀಡುವ ವ್ಯವಸ್ಥೆ ಮಾಡಲಾಯಿತು.

ಆರು ತಿಂಗಳ ಅವಧಿಯ ಈ ಹೋಲಿಕೆಯಲ್ಲಿ ಮನೆಯಲ್ಲಿ ಚಿಕಿತ್ಸೆ ಪಡೆದವರ ರೋಗಲಕ್ಷಣಗಳ ಇಳಿಕೆ ಹಾಗೂ ಸಾಮಾಜಿಕ ವರ್ತನೆ ಉತ್ತಮವಾಗಿದ್ದವು, ವೆಚ್ಚವೂ ಕಡಿಮೆಯಾಗಿತ್ತು. ರೋಗಿ ಮನೆಯಲ್ಲಿಯೇ ಇದ್ದರೂ ಕುಟುಂಬದ ಮೇಲಿನ ಹೊರೆ ಹೆಚ್ಚಾಗದೆ ಗಮನಾರ್ಹವಾಗಿ ಇಳಿದದ್ದು ಹೆಚ್ಚಿನವರ ನಿರೀಕ್ಷೆಗೆ ವಿರುದ್ಧವಾಗಿತ್ತು. ಈ ಹೊರೆಯನ್ನು ಅಳೆಯಲು ಇದೇ ಸಂಶೋಧಕರು 1981ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯು ನಂತರ ಬಹಳಷ್ಟು ಅಧ್ಯಯನಗಳಲ್ಲಿ ಬಳಕೆಯಾಗಿದೆ. ಹಣಕಾಸಿನ ನಷ್ಟ, ದಿನಚರಿಯ ಏರುಪೇರು, ವಿರಾಮದ ಕೊರತೆ, ಮನೆಯವರ ನಡುವಿನ ಸಂಬಂಧ, ಇತರ ಸದಸ್ಯರ ದೈಹಿಕ ಹಾಗೂ ಮಾನಸಿಕ ಆರೋಗ್ಯ ಇವೆಲ್ಲವನ್ನೂ ಅದರಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ.

3.3 ಬಳ್ಳಾರಿಯ ಮಾದರಿ

1975ರಲ್ಲಿ ನಿಮ್ಹಾನ್ಸ್‌ನಲ್ಲಿ ಸಮುದಾಯ ಮಾನಸಿಕ ಆರೋಗ್ಯ ಘಟಕ ಆರಂಭವಾಗಿ, ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರದ ಮೂಲಕ ಪ್ರಯೋಗಗಳು ನಡೆದವು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ನೀಡಿದಲ್ಲಿ ಸಾಮಾನ್ಯವಾಗಿ ಕಂಡುಬರುವ ತೀವ್ರ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಚಿಕಿತ್ಸೆ ಮುಂದುವರೆಸಬಲ್ಲರೆಂಬುದು ಈ ಪ್ರಯೋಗಗಳ ನಿಲುವಾಗಿತ್ತು. 1985ರಿಂದ 1990ರವರೆಗೆ ಇದನ್ನೇ ಇಡೀ ಬಳ್ಳಾರಿ ಜಿಲ್ಲೆಗೆ ವಿಸ್ತರಿಸಿ ನೋಡಲಾಯಿತು. ಬಳ್ಳಾರಿಯ ಅನುಭವದ ಆಧಾರದ ಮೇಲೆ ಕೇಂದ್ರ ಸರ್ಕಾರವು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಇಂದು ಶಿವಮೊಗ್ಗ ಸೇರಿದಂತೆ ರಾಜ್ಯದ ಜಿಲ್ಲೆಗಳಲ್ಲಿ ದೊರೆಯುತ್ತಿರುವ ಸೇವೆಗಳ ಮೂಲ ಅದೇ ಆಗಿದೆ.

3.4 ತೀರ್ಥಹಳ್ಳಿಯ ಅಧ್ಯಯನ

2000ರ ದಶಕದ ಮಧ್ಯಭಾಗದಿಂದ ನಿಮ್ಹಾನ್ಸ್‌ನ ತಂಡವು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವ ವ್ಯಕ್ತಿಗಳನ್ನು ಊರೂರಿನಲ್ಲಿ ಗುರುತಿಸಿ, ಅವರಿಗೆ ಸ್ಥಳೀಯವಾಗಿ ಚಿಕಿತ್ಸೆ ಒದಗಿಸಿ, ಅವರ ಸ್ಥಿತಿಯನ್ನು ವರ್ಷಗಳ ಕಾಲ ಗಮನಿಸಿತು. ಆಸ್ಪತ್ರೆಗೆ ತಾವಾಗಿ ಬರುವವರನ್ನು ಮಾತ್ರ ನೋಡುವ ಅಧ್ಯಯನಗಳಲ್ಲಿ ಎಂದೂ ಚಿಕಿತ್ಸೆ ಪಡೆಯದವರು ಲೆಕ್ಕಕ್ಕೆ ಸಿಗುವುದಿಲ್ಲ. ತೀರ್ಥಹಳ್ಳಿಯಲ್ಲಿ ಅಂತಹವರೂ ಪತ್ತೆಯಾದರು.

2009 ಮತ್ತು 2010ರಲ್ಲಿ ಪ್ರಕಟವಾದ ಫಲಿತಾಂಶಗಳ ಪ್ರಕಾರ, ಔಷಧ ಪಡೆಯುತ್ತಿದ್ದವರ ಅಸಾಮರ್ಥ್ಯದ ಪ್ರಮಾಣವು ಚಿಕಿತ್ಸೆ ಪಡೆಯದವರಿಗಿಂತ ಕಡಿಮೆಯಾಗಿತ್ತು. ಅದುವರೆಗೆ ಚಿಕಿತ್ಸೆ ಇಲ್ಲದಿದ್ದು ಹೊಸದಾಗಿ ಔಷಧ ಆರಂಭಿಸಿದವರಲ್ಲಿ ಒಂದು ವರ್ಷದೊಳಗೆ ಅಸಾಮರ್ಥ್ಯ ಇಳಿಯಿತು. ಚಿಕಿತ್ಸೆ ಇಲ್ಲದೆಯೇ ಉಳಿದವರಲ್ಲಿ ಅಂತಹ ಸುಧಾರಣೆ ಕಂಡುಬರಲಿಲ್ಲ. ಇಲ್ಲಿ ಅಸಾಮರ್ಥ್ಯವೆಂದರೆ ಸ್ನಾನ, ಊಟ, ಉಡುಪಿನ ಕಾಳಜಿ, ಇತರರೊಡನೆ ಮಾತುಕತೆ ಮತ್ತು ದುಡಿಮೆಯಂತಹ ದಿನನಿತ್ಯದ ಬದುಕಿನ ತೊಡಕುಗಳು. ಮಲೆನಾಡಿನ ಒಂಟಿ ಮನೆಗಳಲ್ಲಿ ವರ್ಷಗಟ್ಟಲೆ ಮೂಲೆ ಸೇರಿದ್ದವರೂ ಔಷಧ ಮನೆಯ ಸಮೀಪಕ್ಕೆ ಬಂದಾಗ ಸುಧಾರಿಸಬಲ್ಲರು ಎಂಬುದು ಈ ಅಧ್ಯಯನದ ತಾತ್ಪರ್ಯ. ತೀರ್ಥಹಳ್ಳಿಯ ಕಾಡಂಚಿನಲ್ಲಿ ಸಾಧ್ಯವಾದದ್ದು ಹೆದ್ದಾರಿಯ ಮೇಲಿರುವ ಮಾಚೇನಹಳ್ಳಿಯಲ್ಲಿ ಅಸಾಧ್ಯವೆನ್ನಲು ಕಾರಣವಿಲ್ಲ.

4. ಸಂಶೋಧನೆಗಳ ಇತಿಮಿತಿ

ಈ ಫಲಿತಾಂಶಗಳನ್ನು ಓದುವಾಗ ಮೂರು ಎಚ್ಚರಿಕೆಗಳು ಅವಶ್ಯ.

ಮೊದಲನೆಯದಾಗಿ, ಬೆಂಗಳೂರಿನ ಅಧ್ಯಯನದಲ್ಲಿ ರೋಗಿಯನ್ನು ಕೇವಲ ಮನೆಗೆ ಕಳುಹಿಸಿರಲಿಲ್ಲ. ಮನೆಯ ಬಾಗಿಲಿಗೆ ನರ್ಸ್ ಬರುತ್ತಿದ್ದರು, ಔಷಧ ತಪ್ಪುತ್ತಿರಲಿಲ್ಲ. ಬೆಂಬಲವಿಲ್ಲದೆ ಮನೆಗೆ ಕಳುಹಿಸುವುದು ಸಮುದಾಯ ಆರೈಕೆಯಾಗದು, ಕೈಬಿಟ್ಟಂತೆ ಆಗುತ್ತದೆ. ಅಮೆರಿಕದಲ್ಲಿ ದೊಡ್ಡ ಮಾನಸಿಕ ಆಸ್ಪತ್ರೆಗಳ ಹಾಸಿಗೆಗಳನ್ನು ಕಡಿತಗೊಳಿಸಿದಾಗ ಬದಲಿ ಸೇವೆಗಳು ಸಾಕಷ್ಟು ಬೆಳೆಯದೆ, ಅನೇಕರು ಬೀದಿಪಾಲಾದರು, ಕಾರಾಗೃಹ ಸೇರಿದರು. ಇದಕ್ಕೆ ವ್ಯತಿರಿಕ್ತವಾಗಿ, ಲಂಡನ್ನಿನ ಫ್ರಿಯರ್ನ್ ಮತ್ತು ಕ್ಲೇಬರಿ ಆಸ್ಪತ್ರೆಗಳನ್ನು ಮುಚ್ಚುವ ಮುನ್ನ ಸಿಬ್ಬಂದಿ ಇರುವ ಸಣ್ಣ ವಸತಿಗಳನ್ನು ಸಿದ್ಧಪಡಿಸಲಾಗಿತ್ತು. ಅಲ್ಲಿಗೆ ಹೋದವರಲ್ಲಿ ಬಹುತೇಕರು ಆಸ್ಪತ್ರೆಗೆ ಮರಳಲು ಇಚ್ಛಿಸಲಿಲ್ಲ. ನಿರ್ವಸಿತರಾದವರ ಸಂಖ್ಯೆ ಅತ್ಯಲ್ಪವಾಗಿತ್ತು. ಆಸ್ಪತ್ರೆ ಬಿಟ್ಟವರ ಹಣೆಬರಹವನ್ನು ನಿರ್ಧರಿಸಿದ್ದು ಹೊರಗೆ ಏನನ್ನು ಕಟ್ಟಲಾಗಿತ್ತು ಎಂಬುದೇ.

ಎರಡನೆಯದಾಗಿ, ಸಮುದಾಯ ಆರೈಕೆಯ ಪ್ರಯೋಜನವನ್ನು ಉತ್ಪ್ರೇಕ್ಷಿಸುವಂತಿಲ್ಲ. ತಮಿಳುನಾಡು, ಗೋವಾ ಮತ್ತು ಮಹಾರಾಷ್ಟ್ರದಲ್ಲಿ 282 ರೋಗಿಗಳನ್ನು ಒಳಗೊಂಡು ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತರಬೇತಿ ಪಡೆದ ಸಮುದಾಯ ಕಾರ್ಯಕರ್ತರ ಆರೈಕೆಯನ್ನು ಆಸ್ಪತ್ರೆಯ ಚಿಕಿತ್ಸೆಗೆ ಸೇರಿಸಿದಾಗ ಹೆಚ್ಚುವರಿ ಪ್ರಯೋಜನ ಕಂಡುಬಂದಿತಾದರೂ ಅದು ಸಾಧಾರಣ ಪ್ರಮಾಣದ್ದಾಗಿತ್ತು. ತನಗಾಗಲಿ ಇತರರಿಗಾಗಲಿ ಅಪಾಯವಾಗುವ ಸ್ಥಿತಿ, ಆಹಾರ ನೀರು ತ್ಯಜಿಸುವ ಸ್ಥಿತಿ, ಆತ್ಮಹತ್ಯೆಯ ಪ್ರಯತ್ನ ಮುಂತಾದ ಸಂದರ್ಭಗಳಲ್ಲಿ ಆಸ್ಪತ್ರೆಯ ದಾಖಲಾತಿ ಇಂದಿಗೂ ಅಗತ್ಯ. ಸಂಶೋಧನೆಗಳ ಆಕ್ಷೇಪವಿರುವುದು ಕಾರಣವಿಲ್ಲದೆ ವರ್ಷಗಟ್ಟಲೆ ಬೆಳೆಯುವ ವಾಸಕ್ಕೇ ವಿನಾ ಅಲ್ಪಾವಧಿಯ ಚಿಕಿತ್ಸೆಗಲ್ಲ.

ಮೂರನೆಯದಾಗಿ, ಮನೆಯ ಆರೈಕೆಯೆಂದರೆ ಪ್ರಾಯೋಗಿಕವಾಗಿ ತಾಯಿ, ಪತ್ನಿ ಅಥವಾ ಅಕ್ಕತಂಗಿಯರ ಆರೈಕೆ. ಪಾಳಿಯ ಕೆಲಸ ಬಿಟ್ಟು ಮನೆಯಲ್ಲಿ ಉಳಿಯುವವರ ದಿನಗೂಲಿ ನಷ್ಟವು ಯಾವ ಆಸ್ಪತ್ರೆಯ ಬಿಲ್ಲಿನಲ್ಲಿಯೂ ಕಾಣಿಸುವುದಿಲ್ಲ. ಎಪ್ಪತ್ತು ದಾಟಿದ ತಂದೆತಾಯಿಗಳನ್ನು ಕಾಡುವ, ತಮ್ಮ ಕಾಲಾನಂತರ ಮಗುವನ್ನು ಯಾರು ನೋಡಿಕೊಳ್ಳುವರು ಎಂಬ ಪ್ರಶ್ನೆಗೆ ಔಷಧವೊಂದೇ ಉತ್ತರವಾಗದು.

5. ಪ್ರಸ್ತುತ ಸ್ಥಿತಿ

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಯಾವುದಾದರೊಂದು ಮಾನಸಿಕ ಸಮಸ್ಯೆಯನ್ನು ಎದುರಿಸುತ್ತಿದ್ದರು. ಕಾಯಿಲೆಯ ಸ್ವರೂಪವನ್ನು ಅನುಸರಿಸಿ, ಚಿಕಿತ್ಸೆ ದೊರೆಯದವರ ಪ್ರಮಾಣ ಶೇ. 70ರಿಂದ 92ರವರೆಗೆ ಇತ್ತು. ಈ ಸಮೀಕ್ಷೆಯ ಪೂರ್ವಭಾವಿ ಪರೀಕ್ಷೆಯನ್ನು ಕೋಲಾರ ಜಿಲ್ಲೆಯಲ್ಲಿ ನಡೆಸಲಾಗಿತ್ತು.

ಇನ್ನೊಂದು ತುದಿಯಲ್ಲಿ, ದೇಶದ 43 ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಕುರಿತು 2019ರಲ್ಲಿ ಪ್ರಕಟವಾದ ಹಂಸ ಪ್ರತಿಷ್ಠಾನದ ಅಧ್ಯಯನವು, ಒಳರೋಗಿಗಳ ಪೈಕಿ ಶೇ. 36ಕ್ಕೂ ಹೆಚ್ಚು ಮಂದಿ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲದಿಂದ ಅಲ್ಲಿಯೇ ಇರುವುದನ್ನು ದಾಖಲಿಸಿದೆ. ಹೀಗೆ, ಚಿಕಿತ್ಸೆ ಬೇಕಾದ ಬಹುಸಂಖ್ಯೆಯ ಜನ ಆಸ್ಪತ್ರೆಯ ಬಾಗಿಲನ್ನೇ ತಲುಪದಿರುವುದು, ತಲುಪಿದವರಲ್ಲಿ ಒಂದು ಪಾಲು ಜನ ಹೊರಬರಲಾಗದಿರುವುದು, ಇವೆರಡೂ ಒಟ್ಟಿಗೇ ಇವೆ. ಊರಿನ ಸಮೀಪ ಸೇವೆ ಇಲ್ಲದಿರುವುದೇ ಎರಡಕ್ಕೂ ಇರುವ ಪ್ರಧಾನ ಕಾರಣ.

ಶಿವಮೊಗ್ಗ ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯದ ಕುರಿತು ಜನಜಾಗೃತಿಯ ಪರಂಪರೆಯೇ ಇದೆ. ಇಲ್ಲಿನ ಮನೋವೈದ್ಯರಾಗಿದ್ದ, 2016ರಲ್ಲಿ ನಿಧನರಾದ ಡಾ. ಅಶೋಕ್ ಪೈ ಅವರು ಬರಹ ಮತ್ತು ಚಲನಚಿತ್ರಗಳ ಮೂಲಕವೂ ಈ ವಿಷಯವನ್ನು ಜನಸಾಮಾನ್ಯರ ಬಳಿಗೆ ಕೊಂಡೊಯ್ದರು. ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಮೆಗ್ಗಾನ್ ಬೋಧನಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ನಿಗದಿತ ಮಂಗಳವಾರಗಳಂದು ಮನೋವೈದ್ಯರ ಸೇವೆ ಒದಗಿಸಲು ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮವನ್ನು ರೂಪಿಸಲಾಗಿದೆ. ಚೇತರಿಸಿಕೊಳ್ಳುತ್ತಿರುವವರ ಹಗಲು ಆರೈಕೆ ಹಾಗೂ ಪುನರ್ವಸತಿಗಾಗಿ ಸ್ವಯಂಸೇವಾ ಸಂಸ್ಥೆಗಳ ಸಹಯೋಗದ ಮಾನಸಧಾರ ಕೇಂದ್ರಗಳ ಯೋಜನೆಯಿದೆ. ಮಾಚೇನಹಳ್ಳಿಯ ನಿವಾಸಿಗಳಿಗೆ ಭದ್ರಾವತಿಯ ತಾಲ್ಲೂಕು ಆಸ್ಪತ್ರೆಯೂ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೂ ನಗರ ಬಸ್ಸಿನ ದೂರದಲ್ಲಿರುವುದು ಒಂದು ಅನುಕೂಲ.

6. ಕಾನೂನಿನ ಚೌಕಟ್ಟು

1912ರ ಹುಚ್ಚರ ಕಾಯ್ದೆ, ಅದರ ಸ್ಥಾನಕ್ಕೆ ಬಂದ 1987ರ ಮಾನಸಿಕ ಆರೋಗ್ಯ ಅಧಿನಿಯಮ ಇವೆರಡೂ ರದ್ದಾಗಿವೆ. 2018ರ ಮೇ 29ರಿಂದ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017 ಜಾರಿಯಲ್ಲಿದೆ. ಮೇಲೆ ವಿವರಿಸಿದ ಸಂಶೋಧನೆಗಳ ತಿರುಳು ಈ ಅಧಿನಿಯಮದಲ್ಲಿ ಹಕ್ಕಿನ ರೂಪ ತಾಳಿದೆ. ಮುಖ್ಯಾಂಶಗಳು ಈ ಕೆಳಗಿನಂತಿವೆ.

(ಅ) ಸರ್ಕಾರ ನಡೆಸುವ ಅಥವಾ ಸರ್ಕಾರದ ಅನುದಾನ ಪಡೆಯುವ ಸೇವೆಗಳಿಂದ ಮಾನಸಿಕ ಆರೋಗ್ಯ ಆರೈಕೆ ಪಡೆಯುವುದು ಪ್ರತಿಯೊಬ್ಬರ ಹಕ್ಕು (ಕಲಂ 18).

(ಆ) ಕುಟುಂಬ ಇಲ್ಲ, ಕುಟುಂಬ ಒಪ್ಪುತ್ತಿಲ್ಲ, ಮನೆ ಇಲ್ಲ ಅಥವಾ ಸಮುದಾಯದಲ್ಲಿ ಸೌಲಭ್ಯ ಇಲ್ಲ ಎಂಬ ಕಾರಣಕ್ಕಾಗಿ ಮಾತ್ರ ಯಾವ ವ್ಯಕ್ತಿಯನ್ನೂ ಸಂಸ್ಥೆಯಲ್ಲಿ ಮುಂದುವರೆಸುವಂತಿಲ್ಲ (ಕಲಂ 19). ಕುಟುಂಬದಿಂದ ಪರಿತ್ಯಕ್ತರಾದವರಿಗೆ ಕಾನೂನು ನೆರವು ಸೇರಿದಂತೆ ಬೆಂಬಲ ನೀಡುವುದು ಮತ್ತು ಕಡಿಮೆ ನಿರ್ಬಂಧದ ವಸತಿಗಳನ್ನು ಸ್ಥಾಪಿಸುವುದು ಸರ್ಕಾರದ ಹೊಣೆ.

(ಇ) ಸಂಸ್ಥೆಯಲ್ಲಿರುವವರಿಗೆ ಸುರಕ್ಷಿತ ಹಾಗೂ ಸ್ವಚ್ಛ ಪರಿಸರ, ಖಾಸಗಿತನ, ಮನರಂಜನೆ, ಶಿಕ್ಷಣ ಮತ್ತು ಧಾರ್ಮಿಕ ಆಚರಣೆಗೆ ಅವಕಾಶ ಇರತಕ್ಕದ್ದು. ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ಸ್ವಂತ ಬಟ್ಟೆ ಧರಿಸಲು ಬಯಸಿದಲ್ಲಿ ತಡೆಯುವಂತಿಲ್ಲ. ಸಂಬಳವಿಲ್ಲದೆ ದುಡಿಸಿಕೊಳ್ಳುವಂತಿಲ್ಲ (ಕಲಂ 20).

(ಈ) ಯಾವುದೇ ರೀತಿಯಲ್ಲಿ ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಲಾಗಿದೆ (ಕಲಂ 95). ಏಕಾಂತ ಬಂಧನವೂ ನಿಷಿದ್ಧ. ಸನ್ನಿಹಿತ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ, ಮನೋವೈದ್ಯರ ಅನುಮತಿಯೊಂದಿಗೆ, ದೈಹಿಕ ತಡೆಗೆ ಅವಕಾಶವಿದೆ. ಶಿಕ್ಷೆಯಾಗಿ ಅದನ್ನು ಬಳಸುವಂತಿಲ್ಲ (ಕಲಂ 97).

(ಉ) ವಯಸ್ಕ ವ್ಯಕ್ತಿ ತಾನಾಗಿ ದಾಖಲಾಗಬಹುದು (ಕಲಂ 86). ಹೆಚ್ಚಿನ ಬೆಂಬಲದ ಅಗತ್ಯವಿರುವವರನ್ನು ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿಯ ಮೇಲೆ ಗರಿಷ್ಠ 30 ದಿನಗಳವರೆಗೆ ದಾಖಲಿಸಬಹುದು (ಕಲಂ 89). ಇಂತಹ ದಾಖಲಾತಿಯನ್ನು ಏಳು ದಿನಗಳೊಳಗೆ, ಮಹಿಳೆ ಅಥವಾ ಅಪ್ರಾಪ್ತ ವಯಸ್ಕರಾಗಿದ್ದಲ್ಲಿ ಮೂರು ದಿನಗಳೊಳಗೆ, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ವರದಿ ಮಾಡಬೇಕು. 30 ದಿನಗಳನ್ನು ಮೀರಿದ ಮುಂದುವರಿಕೆಗೆ ಮಂಡಳಿಯ ಅನುಮತಿ ಕಡ್ಡಾಯ (ಕಲಂ 90).

(ಊ) ಚಿಕಿತ್ಸೆ ಪಡೆಯುತ್ತಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸತಕ್ಕದ್ದಲ್ಲ (ಕಲಂ 21).

ಇದಲ್ಲದೆ, ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಂತೆ ಸಮರ್ಥ ನ್ಯಾಯಾಲಯದ ಆದೇಶವಿಲ್ಲದೆ ಅಂಗವೈಕಲ್ಯದ ಕಾರಣಕ್ಕೆ ಮಗುವನ್ನು ತಂದೆತಾಯಿಯಿಂದ ಬೇರ್ಪಡಿಸುವಂತಿಲ್ಲ. ಶೇ. 40 ಅಥವಾ ಅದಕ್ಕೂ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳು ನೆರೆಹೊರೆಯ ಶಾಲೆಯಲ್ಲಿ ಅಥವಾ ತಾವು ಆಯ್ಕೆ ಮಾಡಿಕೊಂಡ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯಲು ಅರ್ಹರು. ಬಾಲನ್ಯಾಯ ಅಧಿನಿಯಮ, 2015ರ ಪ್ರಕಾರವೂ ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯವಾಗಿರತಕ್ಕದ್ದು.

7. ಅರ್ಜಿದಾರರ ಗಮನಕ್ಕೆ

(1) ಮೊದಲ ಸಂಪರ್ಕ: ರೋಗಲಕ್ಷಣ ಕಂಡುಬಂದ ಕೂಡಲೇ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ಆಶಾ ಕಾರ್ಯಕರ್ತೆ ಅಥವಾ ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸುವುದು. ಮನೋವೈದ್ಯರು ಲಭ್ಯವಿರುವ ದಿನಾಂಕವನ್ನು ಮೊದಲೇ ವಿಚಾರಿಸಿಕೊಂಡಲ್ಲಿ ಒಂದು ದಿನದ ಕೂಲಿ ಉಳಿಯುತ್ತದೆ. ದೂರವಾಣಿಯ ಮೂಲಕ ಸಲಹೆ ಪಡೆಯಲು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಶುಲ್ಕರಹಿತವಾಗಿದ್ದು, ಕನ್ನಡದಲ್ಲಿಯೂ ಲಭ್ಯವಿದೆ.

(2) ಸಂಸ್ಥೆಗೆ ಸೇರಿಸುವ ಮುನ್ನ: ಮಾನಸಿಕ ಅನಾರೋಗ್ಯ ಹೊಂದಿರುವವರನ್ನು ದಾಖಲಿಸಿಕೊಳ್ಳುವ ಪ್ರತಿಯೊಂದು ಸಂಸ್ಥೆಯೂ ಅಧಿನಿಯಮದಡಿ ನೋಂದಣಿ ಹೊಂದಿರಬೇಕು. ನೋಂದಣಿ ಪ್ರಮಾಣಪತ್ರ ತೋರಿಸುವಂತೆ ಕೇಳುವುದು ಕುಟುಂಬದ ಹಕ್ಕು. ಮನೋವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಮನೆಯವರ ಭೇಟಿಗೂ ದೂರವಾಣಿಗೂ ಅವಕಾಶವಿದೆಯೇ, ಯಾವ ತಿಂಗಳಲ್ಲಿ ಬಿಡುಗಡೆಯ ನಿರೀಕ್ಷೆಯಿದೆ ಎಂಬ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳುವುದು. ಮೂರನೆಯ ಪ್ರಶ್ನೆಗೆ ಉತ್ತರ ಸಿಗದ ಸಂಸ್ಥೆಯಲ್ಲಿ ಬಿಟ್ಟು ಬರುವ ಮುನ್ನ ಮರುಚಿಂತನೆ ಸೂಕ್ತ.

(3) ಬಿಡುಗಡೆಯ ಸಮಯದಲ್ಲಿ: ಬಿಡುಗಡೆಯ ನಂತರದ ಚಿಕಿತ್ಸಾ ಯೋಜನೆಯನ್ನು ರೋಗಿ ಹಾಗೂ ಕುಟುಂಬದವರೊಂದಿಗೆ ಚರ್ಚಿಸಿ ಸಿದ್ಧಪಡಿಸುವುದು ಮನೋವೈದ್ಯರ ಕರ್ತವ್ಯ (ಕಲಂ 98). ಔಷಧದ ಚೀಟಿ ಮತ್ತು ಬಿಡುಗಡೆ ಪತ್ರವನ್ನು ಪಡೆದು, ಅದನ್ನು ಭದ್ರಾವತಿ ಅಥವಾ ಶಿವಮೊಗ್ಗದ ಆಸ್ಪತ್ರೆಯಲ್ಲಿ ತೋರಿಸಿ, ಮುಂದಿನ ಔಷಧ ಸ್ಥಳೀಯವಾಗಿ ದೊರೆಯುವಂತೆ ಕೋರಬಹುದು.

(4) ವಿಶಿಷ್ಟ ಗುರುತಿನ ಚೀಟಿ: ಮಾನಸಿಕ ಅನಾರೋಗ್ಯವು 2016ರ ಅಧಿನಿಯಮದ 21 ಬಗೆಯ ವೈಕಲ್ಯಗಳಲ್ಲಿ ಒಂದಾಗಿದೆ. ಯು.ಡಿ.ಐ.ಡಿ. ಚೀಟಿಗಾಗಿ ಆಧಾರ್ ಮತ್ತು ಭಾವಚಿತ್ರದೊಂದಿಗೆ ಅಂತರ್ಜಾಲದಲ್ಲಿ ಅರ್ಜಿ ಸಲ್ಲಿಸಬೇಕು. ವೈದ್ಯಕೀಯ ತಪಾಸಣೆಯ ನಂತರ ವೈಕಲ್ಯದ ಪ್ರಮಾಣ ನಿಗದಿಯಾಗುತ್ತದೆ. ಮಾಸಾಶನ ಮುಂತಾದ ಸೌಲಭ್ಯಗಳಿಗೆ ಇದು ಆಧಾರ. ಚಿಕಿತ್ಸೆಯ ಹಳೆಯ ಚೀಟಿಗಳನ್ನು ಜೋಪಾನವಾಗಿ ಇರಿಸಿಕೊಳ್ಳುವುದು ಅಗತ್ಯ.

(5) ಮುಂಗಡ ನಿರ್ದೇಶನ ಮತ್ತು ಪ್ರತಿನಿಧಿ: ಮುಂದೆ ಕಾಯಿಲೆ ಉಲ್ಬಣಿಸಿದಲ್ಲಿ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತನಾಡಬೇಕು ಎಂಬುದನ್ನು ವಯಸ್ಕ ವ್ಯಕ್ತಿಯು ಸ್ವಸ್ಥನಿರುವಾಗಲೇ ಬರೆದಿಡಬಹುದು (ಕಲಂ 5 ಮತ್ತು 14). ವಯಸ್ಸಾದ ತಂದೆತಾಯಿಗಳು ತಮ್ಮ ನಂತರ ಪ್ರತಿನಿಧಿಯಾಗಬಲ್ಲವರನ್ನು ಈಗಲೇ ಚರ್ಚಿಸಿ ಗೊತ್ತುಪಡಿಸಲು ಇದು ನೆರವಾಗುತ್ತದೆ. ಬುದ್ಧಿಮಾಂದ್ಯತೆ, ಆಟಿಸಂ, ಮೆದುಳಿನ ಪಾರ್ಶ್ವವಾಯು ಮತ್ತು ಬಹುವಿಧ ವೈಕಲ್ಯವಿರುವವರ ಪೋಷಕತ್ವಕ್ಕೆ 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಡಿ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬೇಕಾಗುತ್ತದೆ.

(6) ದೂರು ಮತ್ತು ಕಾನೂನು ನೆರವು: ಸೇವೆಯಲ್ಲಿನ ಲೋಪದ ಬಗ್ಗೆ ಮೊದಲು ಸಂಸ್ಥೆಯ ಮುಖ್ಯಸ್ಥರಿಗೂ, ಪರಿಹಾರ ದೊರೆಯದಿದ್ದಲ್ಲಿ ಪರಿಶೀಲನಾ ಮಂಡಳಿಗೂ ದೂರು ನೀಡಬಹುದು (ಕಲಂ 28). ಉಚಿತ ಕಾನೂನು ನೆರವಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಅಥವಾ 15100 ಸಂಖ್ಯೆಯನ್ನು ಸಂಪರ್ಕಿಸಬಹುದು. ಮಕ್ಕಳ ಬಗ್ಗೆ 1098, ಹಿರಿಯ ನಾಗರಿಕರ ಬಗ್ಗೆ 14567 ಸಹಾಯವಾಣಿಗಳಿವೆ.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ರೋಗಿ ಗುಣಮುಖನಾದ ಮೇಲೆ ಔಷಧ ನಿಲ್ಲಿಸಬಹುದೇ?
ಉತ್ತರ: ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬಾರದು. ಸ್ಕಿಜೋಫ್ರೇನಿಯಾದಂತಹ ಕಾಯಿಲೆ ಮರುಕಳಿಸಲು ಔಷಧ ತಪ್ಪುವುದು ಬಹು ಮುಖ್ಯ ಕಾರಣ.

ಪ್ರಶ್ನೆ: ದೇವಸ್ಥಾನ ಅಥವಾ ದರ್ಗಾಕ್ಕೆ ಕರೆದೊಯ್ಯುವುದು ತಪ್ಪೇ?
ಉತ್ತರ: ಪೂಜೆ ಪ್ರಾರ್ಥನೆಗೆ ಯಾವ ನಿರ್ಬಂಧವೂ ಇಲ್ಲ. ಔಷಧ ನಿಲ್ಲಿಸುವುದು, ಕಟ್ಟಿಹಾಕುವುದು ಹಾಗೂ ನೋಂದಣಿಯಿಲ್ಲದ ಸ್ಥಳದಲ್ಲಿ ಬಿಟ್ಟು ಬರುವುದು ಮಾತ್ರ ಅಪಾಯಕಾರಿ.

ಪ್ರಶ್ನೆ: ಸ್ವಇಚ್ಛೆಯಿಂದ ದಾಖಲಾದವರು ಮನೆಗೆ ಹೋಗಬಯಸಿದರೆ ಆಸ್ಪತ್ರೆಯು ತಡೆಯಬಹುದೇ?
ಉತ್ತರ: ಸಾಮಾನ್ಯವಾಗಿ ತಡೆಯುವಂತಿಲ್ಲ. ಬೆಂಬಲಿತ ದಾಖಲಾತಿಯ ಅಗತ್ಯವಿದೆಯೇ ಎಂದು ಪರಿಶೀಲಿಸಲು ಗರಿಷ್ಠ 24 ಗಂಟೆಗಳ ಕಾಲಾವಕಾಶವಿದೆ (ಕಲಂ 88).

9. ಉಪಸಂಹಾರ

ಬೆಂಗಳೂರು, ಬಳ್ಳಾರಿ ಮತ್ತು ತೀರ್ಥಹಳ್ಳಿಯ ಅಧ್ಯಯನಗಳನ್ನು ಒಟ್ಟಾಗಿ ಓದಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ರೋಗಿಯು ಮನೆಯಲ್ಲಿದ್ದು, ಔಷಧವು ಊರಿಗೆ ಬಂದು, ಮನೆಯವರಿಗೆ ಕೈಹಿಡಿಯುವವರೊಬ್ಬರು ಇದ್ದಲ್ಲಿ ಚೇತರಿಕೆ ಸಾಧ್ಯ. ಈ ಮೂರರಲ್ಲಿ ಒಂದು ತಪ್ಪಿದರೂ ಭಾರವೆಲ್ಲ ಮನೆಯ ಒಬ್ಬಿಬ್ಬರ ಹೆಗಲೇರುತ್ತದೆ. ಕಾನೂನು ಈ ಮೂರನ್ನೂ ಹಕ್ಕಿನ ಪರಿಧಿಗೆ ತಂದಿದೆ. ಆದರೆ ಹಾಳೆಯ ಮೇಲಿನ ಹಕ್ಕು ಕೇಳುವವರಿದ್ದಾಗ ಮಾತ್ರ ಸೇವೆಯಾಗಿ ಪರಿಣಮಿಸುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧ ದಾಸ್ತಾನು ಇಲ್ಲವೆಂದಾಗ ಲಿಖಿತವಾಗಿ ತಿಳಿಸುವ, ಮನೋವೈದ್ಯರ ದಿನಾಂಕವನ್ನು ವಿಚಾರಿಸುವ, ಗುರುತಿನ ಚೀಟಿಗೆ ಅರ್ಜಿ ಹಾಕುವ ಪ್ರತಿಯೊಂದು ಕುಟುಂಬವೂ ನೆರೆಯ ಇನ್ನೊಂದು ಕುಟುಂಬಕ್ಕೆ ದಾರಿ ಸುಗಮಗೊಳಿಸುತ್ತದೆ.

ಆದ್ದರಿಂದ ಸಾರ್ವಜನಿಕರು ಮಾನಸಿಕ ಅನಾರೋಗ್ಯವನ್ನು ಮುಚ್ಚಿಡದೆ, ವಿಳಂಬ ಮಾಡದೆ, ಸಮೀಪದ ಸರ್ಕಾರಿ ಆಸ್ಪತ್ರೆಯ ಸೇವೆಯನ್ನು ಪಡೆದುಕೊಳ್ಳಲು ಹಾಗೂ ಮೇಲೆ ತಿಳಿಸಿರುವ ಹಕ್ಕುಗಳ ಪ್ರಯೋಜನ ಪಡೆಯಲು ಕೋರಲಾಗಿದೆ.